1991 ಅವರು ಹುಟ್ಟಿದ ವರ್ಷವಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ವಿದೇಶ ಪುಟದಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಬಗ್ಗೆ ಲೇಖನ ಬಂದಿತ್ತು. ‘1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಹುಟ್ಟಿದ ಮೂರು ಪುಟ್ಟ ದೇಶಗಳು’ ಎಂದು ಬರೆದಿದ್ದೀರಿ. ಪುಟ್ಟ ಅನ್ನೋದು ಸರಿ. ಮೂರೂ ದೇಶಗಳ ಜನರನ್ನು ಕೂಡಿಸಿದರೂ ಒಂದು ಬೆಂಗಳೂರಿನಷ್ಟು ಆಗುವುದಿಲ್ಲ. ಹುಟ್ಟಿದ್ದು 1991ರಲ್ಲಿ ಅನ್ನೋದು ಮಾತ್ರ ತಪ್ಪು.

ಮೂರೂ ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1918ರಲ್ಲಿ. 2018ರಲ್ಲಿ ನೂರು ವರ್ಷದ ಹಬ್ಬವನ್ನೂ ಮಾಡಿದವು. ಇಪ್ಪತ್ತೇಳು ತುಂಬಿದವರು ಯಾರಾದರೂ ನೂರರ ಹಬ್ಬ ಮಾಡ್ತಾರಾ? 1939ರ ಆಗಸ್ಟ್ 23ರಂದು ಹಿಟ್ಲರ್ ಮತ್ತು ಸ್ಟಾಲಿನ್ ಕಡೆಯವರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಪಕ್ಕದ ದೇಶಗಳನ್ನು ಗುಟ್ಟಾಗಿ ಹಂಚಿಕೊಂಡರು. ಮರುವರ್ಷ ಜೂನ್‌ನಲ್ಲಿ ಸೋವಿಯತ್ ಸೈನ್ಯ ಬಂದು ಈ ಮೂರನ್ನೂ ಹಿಡಿಯಿತು. ಅಮೆರಿಕ ಈ ಸೇರ್ಪಡೆಯನ್ನು ಕೊನೆಯವರೆಗೂ ಒಪ್ಪಲಿಲ್ಲ. ಲಾಟ್ವಿಯಾದಲ್ಲಿ ಇವತ್ತಿಗೂ ಇರುವುದು 1922ರ ಸಂವಿಧಾನವೇ. ಕಿತ್ತುಕೊಂಡಿದ್ದ ಮನೆ ವಾಪಸ್ ಸಿಕ್ಕಿದರೆ ಅದನ್ನು ಗೃಹಪ್ರವೇಶ ಅನ್ನಲ್ಲ, ಅಲ್ವಾ?

ಇನ್ನೊಂದು ತಕರಾರು. ಮೂವರನ್ನೂ ‘ಬಾಲ್ಟಿಕ್ ಜನಾಂಗ’ ಎಂದು ಒಂದೇ ಗಂಟು ಕಟ್ಟಿದ್ದೀರಿ. ಎಸ್ಟೋನಿಯನ್ ಭಾಷೆಗೆ ನಂಟು ಇರುವುದು ಫಿನ್‌ಲ್ಯಾಂಡಿನ ಭಾಷೆಯ ಜೊತೆ. ಪಕ್ಕದ ಲಾಟ್ವಿಯನ್‌ದು ಬೇರೆ ಕುಲ. ನಾನು ಬೆಳಗಾವಿಯವನು. ಕನ್ನಡ, ಮರಾಠಿ ಗೋಡೆಗೆ ಗೋಡೆ ಹಚ್ಚಿಕೊಂಡೇ ಇದ್ದರೂ ಮೂಲ ಬೇರೆ ಅನ್ನೋದು ನಮಗೆ ಗೊತ್ತು. ಅಲ್ಲೂ ಹಾಗೇ. ಲಾಟ್ವಿಯನ್ ಮತ್ತು ಲಿಥುವೇನಿಯನ್ ಮಾತ್ರ ಅಕ್ಕತಂಗಿಯರು. ಲಿಥುವೇನಿಯನ್‌ನಲ್ಲಿ ಮಗನಿಗೆ ‘ಸೂನುಸ್’, ಹೊಗೆಗೆ ‘ದೂಮಸ್’ ಅಂತಾರೆ. ಸಂಸ್ಕೃತದ ಸೂನು, ಧೂಮ ನೆನಪಾಗುತ್ತವೆ. ಇದನ್ನೇ ಹಿಡಿದು ‘ಅಲ್ಲಿ ಸಂಸ್ಕೃತ ಮಾತಾಡ್ತಾರೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸೋದೆಲ್ಲ ಸುಮ್ನೆ. ದೂರದ ದಾಯಾದಿಗಳು, ಅಷ್ಟೇ.

ನಡೆದು ಬಂದ ದಾರಿಯೂ ಬೇರೆ. 13ನೇ ಶತಮಾನದಲ್ಲಿ ಜರ್ಮನ್ನರು ನುಗ್ಗಿದ ಮೇಲೆ ಎಸ್ಟೋನಿಯನ್ನರು, ಲಾಟ್ವಿಯನ್ನರು ತಮ್ಮ ನೆಲದಲ್ಲೇ ಜಮೀನ್ದಾರರ ಆಳುಗಳಾದರು. ಲಿಥುವೇನಿಯಾ ಮಾತ್ರ ಬಗ್ಗಲಿಲ್ಲ. 15ನೇ ಶತಮಾನದ ಶುರುವಿನಲ್ಲಿ ಅದರ ರಾಜ್ಯ ಕಪ್ಪು ಸಮುದ್ರದ ತನಕ ಹಬ್ಬಿತ್ತು.

ಅದೇ ಲಿಥುವೇನಿಯಾ ಮುಂದೆ ರಷ್ಯಾದ ಚಕ್ರವರ್ತಿಯ ಕೈಗೆ ಬಿತ್ತು. ಪತ್ರಿಕೆಯವರಾದ ನೀವು ಈ ಕತೆಯನ್ನು ಹೇಗೆ ಬಿಟ್ಟಿರೋ ಗೊತ್ತಿಲ್ಲ. 1863ರಲ್ಲಿ ಜನ ದಂಗೆ ಎದ್ದರು. ಸರ್ಕಾರ ಮರುವರ್ಷದಿಂದ ಲ್ಯಾಟಿನ್ ಅಕ್ಷರದಲ್ಲಿ ಲಿಥುವೇನಿಯನ್ ಅಚ್ಚು ಹಾಕುವುದನ್ನೇ ನಿಷೇಧಿಸಿತು. ಬೇಕಾದರೆ ರಷ್ಯನ್ ಲಿಪಿಯಲ್ಲಿ ಓದಿಕೊಳ್ಳಿ ಅಂದಿತು. ಜನ ಆ ಪುಸ್ತಕಗಳ ಕಡೆ ತಿರುಗಿ ನೋಡಲಿಲ್ಲ. ಗಡಿಯಾಚೆ ಜರ್ಮನ್ನರ ಟಿಲ್ಸಿಟ್‌ನಂಥ ಊರುಗಳಲ್ಲಿ ಅಚ್ಚು ಹಾಕಿಸಿ, ಕತ್ತಲಲ್ಲಿ ಬೆನ್ನ ಮೇಲೆ ಹೊತ್ತು ತಂದರು. ಪ್ರಾರ್ಥನೆ ಪುಸ್ತಕ, ಅಕ್ಷರ ಕಲಿಸುವ ಪುಸ್ತಕ, ಪತ್ರಿಕೆ, ಎಲ್ಲವೂ. ಹೊತ್ತವರನ್ನು ‘ಪುಸ್ತಕ ಹೊರುವವರು’ ಎಂದೇ ಕರೆದರು. ಸಿಕ್ಕಿಬಿದ್ದರೆ ಜೈಲು, ಇಲ್ಲವೇ ಸೈಬೀರಿಯಾ. ಗಡಿ ಕಾವಲಿನವರ ಗುಂಡಿಗೆ ಸತ್ತವರೂ ಇದ್ದಾರೆ. ಮನೆಯಲ್ಲಿ ತಾಯಂದಿರು ರಾಟೆ ತಿರುಗಿಸುತ್ತಲೇ ಮಕ್ಕಳಿಗೆ ಓದು ಕಲಿಸಿದರು. 40 ವರ್ಷ ಹೀಗೇ ನಡೆಯಿತು. 1904ರಲ್ಲಿ ಸರ್ಕಾರವೇ ಸೋತು ನಿಷೇಧ ತೆಗೆಯಿತು. ಈ ಕೆಲಸದಲ್ಲಿ ಹೆಸರಾದ ಯುರ್ಗಿಸ್ ಬಿಯೆಲಿನಿಸ್ ಹುಟ್ಟಿದ ಮಾರ್ಚ್ 16 ಈಗ ಅಲ್ಲಿ ಪುಸ್ತಕ ಹೊರುವವರ ದಿನ.

ಎಸ್ಟೋನಿಯನ್ನರಿಗೂ ಲಾಟ್ವಿಯನ್ನರಿಗೂ ಹಾಡೇ ಬಲ. ಎಸ್ಟೋನಿಯಾದಲ್ಲಿ 1869ರಿಂದ, ಲಾಟ್ವಿಯಾದಲ್ಲಿ 1873ರಿಂದ ದೊಡ್ಡ ಹಾಡಿನ ಹಬ್ಬಗಳು ನಡೆದುಬಂದಿವೆ. ಕ್ರಿಶ್ಯಾನಿಸ್ ಬಾರೋನ್ಸ್ ಎಂಬುವರು ಲಾಟ್ವಿಯಾದ 2 ಲಕ್ಷಕ್ಕೂ ಜಾಸ್ತಿ ಜನಪದ ಹಾಡುಗಳನ್ನು ಚೀಟಿಗಳಲ್ಲಿ ಜೋಡಿಸಿ ಒಂದು ಕಪಾಟಿನಲ್ಲಿಟ್ಟರು. ಸಣ್ಣ ಸಣ್ಣ ಪದ್ಯಗಳು, ನಮ್ಮ ತ್ರಿಪದಿಯ ಹಾಗೆ.

ಮೂವರನ್ನೂ ಒಟ್ಟಿಗೇ ತೋರಿಸಬೇಕು ಅಂದರೆ 1989ರ ಆಗಸ್ಟ್ 23 ಇದೆ. ಆ ಗುಟ್ಟಿನ ಒಪ್ಪಂದಕ್ಕೆ 50 ವರ್ಷ ತುಂಬಿದ ದಿನ. ಎಸ್ಟೋನಿಯಾದ ತಾಲಿನ್‌ನಿಂದ ಲಾಟ್ವಿಯಾದ ರೀಗಾ ದಾಟಿ ಲಿಥುವೇನಿಯಾದ ವಿಲ್ನಿಯಸ್ ತನಕ, 600 ಕಿ.ಮೀ.ಗೂ ಹೆಚ್ಚು ದೂರ, ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು ನಿಂತರು. ಆ ಫೋಟೊ ಹಾಕಬಹುದಿತ್ತು.

ಮುಂದಿನ ಸಂಚಿಕೆಯಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕಿ. ‘ಹುಟ್ಟಿದ’ ತೆಗೆದು ‘ಮತ್ತೆ ಸ್ವತಂತ್ರವಾದ’ ಎಂದರೆ ಸಾಕು.

— ಒಬ್ಬ ನಿವೃತ್ತ ಇತಿಹಾಸ ಶಿಕ್ಷಕ, ಬೆಳಗಾವಿ