ನಮ್ಮ ದುಡ್ಡಿನ ಇಂಟರ್‌ನೆಟ್, ನಮ್ಮ ಮೇಲೇ ಕಣ್ಣು: ಧಾರವಾಡದ ಸಂಸದರಿಗೆ ಬಹಿರಂಗ ಪತ್ರ

ಗೆ,
ಧಾರವಾಡ ಲೋಕಸಭಾ ಸದಸ್ಯರು ಹಾಗೂ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರು

ವಿಷಯ: ಇಂಟರ್‌ನೆಟ್ ಕಂಪನಿಗಳು ಜಾಹೀರಾತಿಗಾಗಿ ಗ್ರಾಹಕರ ಜಾಡು ಹಿಡಿಯುವುದನ್ನು ನಿಲ್ಲಿಸುವ ಬಗ್ಗೆ

ಮಾನ್ಯರೇ,

ನಾನು ಸಪ್ತಾಪುರದಲ್ಲಿ ಹೆಣ್ಣುಮಕ್ಕಳ ಪೀಜಿ ನಡೆಸುತ್ತೇನೆ. ರೋಣ, ನರಗುಂದ, ಹಾನಗಲ್, ಸವಣೂರು ಕಡೆಯ ಹುಡುಗಿಯರು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದಲು ಬಂದು ನಮ್ಮಲ್ಲಿ ಇರುತ್ತಾರೆ. ಪಿಯುಸಿ ಓದುವವರೂ ಇದ್ದಾರೆ. ಆನ್‌ಲೈನ್ ಕ್ಲಾಸು, ಟೆಸ್ಟ್ ಸಿರೀಸ್ ಎಲ್ಲವೂ ಮೊಬೈಲಿನಲ್ಲೇ ಆಗಿರುವುದರಿಂದ ವೈಫೈ ಇಲ್ಲದ ಪೀಜಿಗೆ ಈಗ ಯಾರೂ ಬರುವುದಿಲ್ಲ. ಹಾಗಾಗಿ ಮನೆಗೆ ಫೈಬರ್ ಹಾಕಿಸಿದೆ. ಬಿಲ್ಲು ತಪ್ಪದೆ ಕಟ್ಟುತ್ತೇನೆ. ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿಯನ್ನೂ ಕಟ್ಟುತ್ತೇನೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಯಾವ ಸೈಟಿಗೆ ಹೋದೆವು, ಎಷ್ಟು ಹೊತ್ತಿಗೆ ಹೋದೆವು ಎಂದು ಬರೆದಿಟ್ಟುಕೊಂಡು ಅದರ ಮೇಲೆ ಜಾಹೀರಾತು ತೋರಿಸುವ ಕೆಲಸವನ್ನು ಇಂಟರ್‌ನೆಟ್ ಕಂಪನಿಗಳು ನಿಲ್ಲಿಸಬೇಕು. ನಾವು ಬೇರೆಯಾಗಿ, ತಿಳಿದು, ಕನ್ನಡದಲ್ಲಿ ಓದಿ ಒಪ್ಪಿದರೆ ಮಾತ್ರ ಮಾಡಲಿ. ಒಪ್ಪದಿದ್ದರೆ ಲೈನು ಕಡಿಯುವಂತಿಲ್ಲ.

ಬಹಳ ದಿನದಿಂದ ಕಾಣುತ್ತಲೇ ಇದ್ದೆವು. ಒಬ್ಬಳು ಮೂಲವ್ಯಾಧಿಯ ಬಗ್ಗೆ ನೋಡಿದರೆ ಮನೆಯವರಿಗೆಲ್ಲ ಅದರದೇ ಎಣ್ಣೆ, ಮಾತ್ರೆ. ಒಬ್ಬಳು ಸಾಲದ ಬಗ್ಗೆ ವಿಚಾರಿಸಿದರೆ ಎಲ್ಲರ ಮೊಬೈಲಿಗೂ ಲೋನ್ ಆ್ಯಪ್. ಬೇಸರಪಟ್ಟುಕೊಂಡು ಸುಮ್ಮನಾಗುತ್ತಿದ್ದೆವು. ಈ ವರ್ಷ ನಡೆದದ್ದನ್ನು ಮಾತ್ರ ಸುಮ್ಮನೆ ಬಿಡಲು ನನ್ನಿಂದಾಗದು.

ನಮ್ಮಲ್ಲಿ ಒಬ್ಬ ಹುಡುಗಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಳು. ಅವಳ ಊರು, ಹೆಸರು ಇಲ್ಲಿ ಬೇಡ. ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ, ಡಾಕ್ಟರು ಪಿಸಿಓಡಿ, ಅಂದರೆ ಅಂಡಾಶಯದ ತೊಂದರೆ, ಎಂದಿದ್ದರು. ಯಾರಿಗೂ ಹೇಳಿಕೊಳ್ಳಲು ಆಗದೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಆ ಬಗ್ಗೆ ಓದುತ್ತಿದ್ದಳಂತೆ. ಪಡಸಾಲೆಯಲ್ಲಿ ಟಿವಿ ಇದೆ. ಅದರ ಡಬ್ಬಿಯನ್ನು ಕೊಟ್ಟದ್ದೂ ಅದೇ ಇಂಟರ್‌ನೆಟ್ ಕಂಪನಿ. ಕೆಲವೇ ದಿನಗಳಲ್ಲಿ ಆ ಟಿವಿಯಲ್ಲಿ ಬಸಿರು ಪರೀಕ್ಷೆಯ ಕಿಟ್ಟು, ಮಕ್ಕಳಾಗದವರ ಚಿಕಿತ್ಸೆಯ ಆಸ್ಪತ್ರೆ, ಮತ್ತೆ ಅದೇ ಕಿಟ್ಟು. ಊಟಕ್ಕೆ ಕೂತ ಹುಡುಗಿಯರೆಲ್ಲ ನೋಡಿದರು. ಯಾರು ಏನು ನೋಡಿದ್ದಕ್ಕೆ ಇದು ಬರುತ್ತಿದೆ ಎಂಬ ಗುಸುಗುಸು ಶುರುವಾಯಿತು. ಮಾತು ಬೆಳೆದು ಅವಳ ಮೇಲೆ ಬಂತು. ಅದು ಯಾರ ಬಾಯಿಂದ ಅವಳ ಊರಿಗೆ ಮುಟ್ಟಿತೋ, ಅಪ್ಪ, ಅಣ್ಣ ಇಬ್ಬರೂ ಬಂದು ಕರೆದುಕೊಂಡು ಹೋದರು. ಡಾಕ್ಟರ ಚೀಟಿ ತೋರಿಸಿ ನಾನು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಪರೀಕ್ಷೆಗೆ ಆಕೆ ಕೂರಲೇ ಇಲ್ಲ. ಹಳ್ಳಿಯಿಂದ ಒಬ್ಬ ಹೆಣ್ಣುಮಗಳನ್ನು ಓದಲು ಧಾರವಾಡಕ್ಕೆ ಕಳಿಸಬೇಕಾದರೆ ಆ ಮನೆಯಲ್ಲಿ ಎಷ್ಟು ಮಾತಾಗಿರುತ್ತದೆ, ಎಷ್ಟು ಅಳು ಆಗಿರುತ್ತದೆ ಎಂಬುದು ಈ ಭಾಗದವರಾದ ತಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಆ ಜಾಹೀರಾತು ಇದೇ ದಾರಿಯಿಂದ ಬಂತು ಎಂದು ಸಾಬೀತು ಮಾಡುವ ಯಂತ್ರ ನನ್ನ ಹತ್ತಿರ ಇಲ್ಲ. ಆದರೆ ಕಂಪನಿಯ ಆಫೀಸಿಗೆ ಹೋಗಿ ಕೇಳಿದಾಗ ಅಲ್ಲಿನವರು ಅಲ್ಲಗಳೆಯಲೂ ಇಲ್ಲ. "ಫಾರ್ಮಿನ್ಯಾಗ ನೀವ ಸಹಿ ಮಾಡೀರಲ್ರೀ ಅಕ್ಕಾರ, ಎಲ್ಲಾ ಕಂಪನ್ಯಾವ್ರೂ ಹಿಂಗ ಮಾಡ್ತಾರ್ರೀ. ಬ್ಯಾಡಂದ್ರ ಕನೆಕ್ಷನ್ ತಗಸ್ರಿ" ಎಂದರು. ನಮ್ಮಲ್ಲಿರುವ ಕಾನೂನು ವಿದ್ಯಾರ್ಥಿನಿ ಆ ಫಾರ್ಮನ್ನು ಓದಿದಳು. ಸಣ್ಣ ಇಂಗ್ಲಿಷ್ ಅಕ್ಷರಗಳ ನಡುವೆ, ಗ್ರಾಹಕರ ಬಳಕೆಯ ಮಾಹಿತಿಯನ್ನು ಜಾಹೀರಾತಿಗೂ ಪಾಲುದಾರ ಕಂಪನಿಗಳಿಗೂ ಬಳಸಬಹುದು ಎಂಬ ಸಾಲಿತ್ತು. ನಮ್ಮ ಓಣಿಗೆ ಫೈಬರ್ ಎಳೆದವರು ಇಬ್ಬರೇ. ಇನ್ನೊಬ್ಬರ ಫಾರ್ಮಿನಲ್ಲೂ ಅದೇ ಸಾಲು. ಇದಕ್ಕೆ ಒಪ್ಪಿಗೆ ಎನ್ನುತ್ತಾರೆಯೇ, ಸಾಹೇಬರೇ?

ಗೂಗಲ್, ಫೇಸ್‌ಬುಕ್ ಕೂಡ ಇದನ್ನೇ ಮಾಡುತ್ತವೆ ಎಂದು ಕೆಲವರು ನನಗೆ ಬುದ್ಧಿ ಹೇಳಿದರು. ಮಾಡುತ್ತವೆ, ಅದೂ ಸರಿಯಲ್ಲ. ಆದರೆ ಫೇಸ್‌ಬುಕ್ ಬೇಡ ಎಂದರೆ ತೆಗೆದುಹಾಕಬಹುದು. ಮನೆಗೆ ಬಂದ ತಂತಿಯನ್ನು ಬಿಟ್ಟು ಎಲ್ಲಿಗೆ ಹೋಗುವುದು? ಬ್ಯಾಂಕು, ಡಾಕ್ಟರು, ವಕೀಲರು, ದೇವರ ಭಜನೆ ಎಲ್ಲವೂ ಅದರೊಳಗಿಂದಲೇ ಹಾಯುತ್ತದೆ. ಸೈಟಿನ ವಿಳಾಸದಲ್ಲಿ ಬೀಗದ ಗುರುತಿದ್ದರೆ ಒಳಗೆ ಏನು ಓದಿದೆವು ಎಂಬುದು ಕಂಪನಿಗೆ ಕಾಣುವುದಿಲ್ಲವಂತೆ, ಸರಿ. ಆದರೆ ಯಾವ ಸೈಟಿಗೆ ಹೋದೆವು ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಹೆಣ್ಣುಮಕ್ಕಳ ಕಾಯಿಲೆಯ ಸೈಟಿಗೆ ರಾತ್ರಿ ಒಂದು ಗಂಟೆಗೆ ಹೋದಳು ಎಂದು ಗೊತ್ತಾದ ಮೇಲೆ ಒಳಗೆ ಓದಿದ್ದು ಬೇರೆ ತಿಳಿಯಬೇಕೇ?

ನಾನು ಅನ್ನ ಬಡಿಸುವವಳು. ಯಾರು ಎರಡು ದಿನದಿಂದ ರೊಟ್ಟಿ ಮುಟ್ಟಿಲ್ಲ, ಯಾರು ಮನೆಯಿಂದ ಫೋನ್ ಬಂದ ಮೇಲೆ ಊಟ ಬಿಟ್ಟೆದ್ದಳು, ಎಲ್ಲವೂ ನನ್ನ ಕಣ್ಣಿಗೆ ಬೀಳುತ್ತದೆ. ಅದನ್ನು ಔಷಧಿ ಅಂಗಡಿಯವನಿಗೆ ಮಾರಿಕೊಂಡರೆ ನನ್ನನ್ನು ಈ ಊರು ಇರಗೊಡುವುದಿಲ್ಲ. ಕಂಪನಿಗೆ ಮಾತ್ರ ಅದು ವ್ಯಾಪಾರವಾಗುವುದು ಹೇಗೆ?

ಕಾನೂನು ತಮಗೆ ಗೊತ್ತಿದೆ. ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಮರುವರ್ಷ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೂಡ, ಮಾಹಿತಿಯ ಒಡೆಯರು ಬಳಕೆದಾರರೇ, ಕಂಪನಿಗಳು ಬರೀ ಕಾಯುವವರು ಎಂದು ಶಿಫಾರಸು ಮಾಡಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಸ್ವತಂತ್ರವಾಗಿ, ನಿರ್ದಿಷ್ಟವಾಗಿ, ಷರತ್ತಿಲ್ಲದೆ ಇರಬೇಕು, ಒಪ್ಪಿಗೆ ಕೇಳುವ ಪತ್ರವನ್ನು ಬಯಸಿದವರಿಗೆ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಿ ಕೊಡಬೇಕು ಎಂದು ಅದರಲ್ಲಿದೆ. ಕನ್ನಡವೂ ಆ ಪಟ್ಟಿಯಲ್ಲಿದೆ. ಹದಿನೆಂಟು ತುಂಬದವರ ಜಾಡು ಹಿಡಿಯುವುದು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದು ಕೂಡದು ಎಂದೂ ಇದೆ. ನಮ್ಮ ಪಿಯುಸಿ ಹುಡುಗಿಯರಿಗೆ ಹದಿನೇಳು. ಒಂದೇ ಲೈನಿನಲ್ಲಿ ಯಾರು ಹದಿನೇಳು, ಯಾರು ಇಪ್ಪತ್ತೇಳು ಎಂದು ಕಂಪನಿಗೆ ಹೇಗೆ ತಿಳಿಯುತ್ತದೆ? ಅವರು ಕೇಳಿಯೂ ಇಲ್ಲ.

ಕಾಯ್ದೆ ಬಂದದ್ದು 2023ರಲ್ಲಿ. ನಿಯಮ ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಂಗಳಿಗೆ ಅಲ್ಲಿಂದ ಮತ್ತೆ ಹದಿನೆಂಟು ತಿಂಗಳ ಗಡುವು. ಕಂಪನಿಗಳು ತಯಾರಾಗಲು ಇಷ್ಟು ಕಾಲ ಕೊಟ್ಟಿರಿ. ಆ ಹುಡುಗಿಗೆ ಕಾಲ ಕೊಟ್ಟವರು ಯಾರು?

ಜನ ಎದುರು ನಿಂತ ಕಡೆ ಇದು ನಿಂತಿದೆ. ಬ್ರಿಟನ್ನಿನಲ್ಲಿ ಬಿಟಿ ಕಂಪನಿ ಫಾರ್ಮ್ (Phorm) ಎಂಬ ಸಂಸ್ಥೆಯ, ಜಾಹೀರಾತಿಗಾಗಿ ಜಾಡು ಹಿಡಿಯುವ ತಂತ್ರಜ್ಞಾನವನ್ನು 2006 ಮತ್ತು 2007ರಲ್ಲಿ ತನ್ನ ಗ್ರಾಹಕರ ಮೇಲೆ ಅವರಿಗೆ ತಿಳಿಸದೆ ಪ್ರಯೋಗ ಮಾಡಿತ್ತು. ಗೊತ್ತಾದಾಗ ಜನ ರೊಚ್ಚಿಗೆದ್ದರು, 2009ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಗ್ರಾಹಕರ ಮೊಬೈಲ್ ಸಂಚಾರಕ್ಕೆ ಗುಟ್ಟಾಗಿ ಗುರುತು ಅಂಟಿಸಿದ್ದ ವೆರಿಝಾನ್ ಕಂಪನಿ 2016ರಲ್ಲಿ 13.5 ಲಕ್ಷ ಡಾಲರ್ ದಂಡ ತೆತ್ತಿತು. ಅದೇ ದೇಶದಲ್ಲಿ, ಮೊದಲು ಗ್ರಾಹಕರನ್ನು ಕೇಳಲೇಬೇಕು ಎಂದು ಮಾಡಿದ್ದ ನಿಯಮವನ್ನು ಜಾರಿಗೆ ಬರುವ ಮುನ್ನವೇ 2017ರಲ್ಲಿ ಅಲ್ಲಿನ ಸಂಸತ್ತು ರದ್ದು ಮಾಡಿತು. ಆ ದಾರಿ ನಮಗೆ ಬೇಡ.

ಟೆಲಿಕಾಂ ನನ್ನ ಖಾತೆಯಲ್ಲ ಎಂದು ತಾವು ಹೇಳಬಹುದು. ಗ್ರಾಹಕರು ತಮ್ಮ ಖಾತೆಯೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸಿ ಒಪ್ಪಿಸುವ ತಂತ್ರಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ, ಸೇವೆ ಬೇಕೆಂದರೆ ಸ್ವಂತ ಮಾಹಿತಿ ಕೊಡಲೇಬೇಕು ಎಂದು ಒತ್ತಾಯಿಸುವುದನ್ನೂ ಅನ್ಯಾಯದ ಪಟ್ಟಿಗೆ ಸೇರಿಸಿದೆ. "ಬ್ಯಾಡಂದ್ರ ಕನೆಕ್ಷನ್ ತಗಸ್ರಿ" ಎಂಬುದು ಅದೇ ಅಲ್ಲವೇ? ಆ ಪ್ರಾಧಿಕಾರ ತಮ್ಮ ಇಲಾಖೆಯಡಿಯೇ ಇದೆ. ಇಂಟರ್‌ನೆಟ್ ಕಂಪನಿಗಳ ಫಾರ್ಮುಗಳನ್ನು ತರಿಸಿ ನೋಡಲು ಅದಕ್ಕೆ ಹೇಳಿ. ಗಡುವಿಗೆ ಕಾಯಬೇಡಿ. ಸಂಪರ್ಕ ಸಚಿವರ ಜೊತೆ ಕೂತು, ಜಾಹೀರಾತಿಗಾಗಿ ಜಾಡು ಹಿಡಿಯುವುದನ್ನು ಈಗಲೇ ನಿಲ್ಲಿಸಲು ಲೈಸೆನ್ಸ್ ಪಡೆದ ಎಲ್ಲ ಕಂಪನಿಗಳಿಗೂ ಆದೇಶ ಹೋಗುವಂತೆ ಮಾಡಿ.

ಮತ್ತೊಮ್ಮೆ ಕೇಳುತ್ತೇನೆ: ಕೇಳದೆ ನಮ್ಮ ಜಾಡು ಹಿಡಿಯಬಾರದು. ಬೇಡ ಎಂದವರ ಲೈನು ಕಡಿಯಬಾರದು. ಈಗಾಗಲೇ ಕೂಡಿಟ್ಟದ್ದನ್ನು ಅಳಿಸಬೇಕು.

ಈ ಪತ್ರದ ಪ್ರತಿಯನ್ನು ದೂರಸಂಪರ್ಕ ಇಲಾಖೆಗೂ ಟ್ರಾಯ್‌ಗೂ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನು ನನ್ನೊಬ್ಬಳಿಗೆ ಬರೆಯಬೇಡಿ. ಸಪ್ತಾಪುರದ ಪ್ರತಿ ಪೀಜಿಯಲ್ಲೂ ಇದೇ ತಂತಿ ಇದೆ. ಯಾವ ತಾರೀಖಿಗೆ ಇದು ನಿಲ್ಲುತ್ತದೆ ಎಂದು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಿ.

ತಮ್ಮ ಕ್ಷೇತ್ರದ ಮತದಾರಳು,
ಸಪ್ತಾಪುರ, ಧಾರವಾಡ