ಶಾಸಕರೇ, ಬೇಂದ್ರೆಯವರ ಬಾಯಿಂದ ನಿಮ್ಮ ಹೆಸರು ಹೇಳಿಸಿದ್ದು ಯಾರು?

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ತಬಲಾ ನುಡಿಸುವವನು, ನಿಮ್ಮ ಕ್ಷೇತ್ರದ ಮತದಾರ. ಗಣೇಶನ ಪೆಂಡಾಲ್, ಅಣ್ಣಮ್ಮ ಉತ್ಸವ, ರಾಜ್ಯೋತ್ಸವ, ಹೀಗೆ ಬೆಂಗಳೂರಿನಲ್ಲಿ ಎಲ್ಲೆಲ್ಲಿ ಸ್ಟೇಜ್ ಕಟ್ಟುತ್ತಾರೋ ಅಲ್ಲೆಲ್ಲ ನಮ್ಮ ಭಾವಗೀತೆ ತಂಡ ಹೋಗುತ್ತಿತ್ತು. ನೀವು ಮುಖ್ಯ ಅತಿಥಿಯಾಗಿ ಬಂದ ಎಷ್ಟೋ ಕಾರ್ಯಕ್ರಮದಲ್ಲಿ ನಿಮ್ಮ ಹಿಂದೆ ಎಡಗಡೆ ಕೂತಿದ್ದವನು ನಾನೇ. ನೀವು ತಡವಾಗಿ ಬರುವವರೆಗೂ ಜನ ಎದ್ದು ಹೋಗದ ಹಾಗೆ ನೋಡಿಕೊಂಡವರು ನಾವೇ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ಪಿಎ ಈ ಪತ್ರವನ್ನು ಪೂರ್ತಿ ಓದುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ಸರ್ಕಾರದ ದುಡ್ಡಲ್ಲಿ ನಡೆಯುವ ಕಾರ್ಯಕ್ರಮದಲ್ಲಿ ಎಐ ಹಾಡು ಅಥವಾ ಎಐ ವಿಡಿಯೊ ಹಾಕಿದರೆ, ಅದು ಎಐ ಅಂತ ಪರದೆ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಯಬೇಕು. ಕಲಾವಿದರಿಗೆ ಅಂತ ಬಂದ ಅನುದಾನವನ್ನು ಅದಕ್ಕೆ ಖರ್ಚು ಮಾಡಬಾರದು. ಇಷ್ಟಕ್ಕೆ ಒಂದು ಆದೇಶ ಮಾಡಿಸಿ.

ಈಗ ಕಳೆದ ನವೆಂಬರ್ ವಿಷಯಕ್ಕೆ ಬರುತ್ತೇನೆ. ನಿಮಗೂ ನೆನಪಿರಬೇಕು, ಹಾರ ನಿಮಗೇ ಹಾಕಿದ್ದು.

ರಾಜ್ಯೋತ್ಸವಕ್ಕೆ ಅಂತ ನಮ್ಮ ತಂಡವನ್ನು ತಿಂಗಳ ಮುಂಚೆಯೇ ಬುಕ್ ಮಾಡಿದ್ದರು. ಒಂದು ಗಂಟೆ ಕಾರ್ಯಕ್ರಮ, ಹತ್ತು ಹಾಡು, ಎಲ್ಲ ಕನ್ನಡ ಕವಿಗಳದ್ದೇ. ಅವತ್ತು ಸಂಜೆ ತುಂತುರು ಮಳೆ. ಮಳೆ ಬಂದರೆ ತಬಲಾ ಮುಚ್ಚಿಗೆ ಸಡಿಲ ಆಗುತ್ತದೆ, ಶ್ರುತಿ ಇಳಿಯುತ್ತದೆ. ನಮ್ಮ ಗಾಯಕಿ ಹಾಡುವುದು ಹಾರ್ಮೋನಿಯಂನ ಐದೂವರೆ ಮನೆ ಶ್ರುತಿಯಲ್ಲಿ. ನಾನು ಸ್ಟೇಜ್ ಹಿಂದೆ ಕೂತು ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ತಟ್ಟಿ ಶ್ರುತಿ ಏರಿಸುತ್ತಿದ್ದೆ. ಅಷ್ಟರಲ್ಲಿ ಸಂಘಟಕರ ಹುಡುಗ ಬಂದು, "ಸಾರ್, ನೀವು ಎರಡು ಹಾಡು ಮಾಡಿ ಸಾಕು, ಎಲ್‌ಇಡಿ ಶೋ ಇದೆ" ಅಂದ. ಪೇಮೆಂಟ್ ಕೇಳಿದರೆ, "ಎರಡು ಹಾಡಿನದ್ದು ಕೊಡ್ತಾರಂತೆ" ಅಂದ. ಅದಾದರೂ ಬಂತಾ ಅಂದರೆ, ಈ ಪತ್ರ ಬರೆಯುವ ಹೊತ್ತಿಗೂ ಬಂದಿಲ್ಲ.

ಎಲ್‌ಇಡಿ ಶೋ ಶುರುವಾಯಿತು. ಮೊದಲು ನಾಡಗೀತೆ. ಯಾರದೋ ಮೊಬೈಲ್ ಆ್ಯಪಿನಲ್ಲಿ ತಯಾರಾದದ್ದು. ಗಿಟಾರ್, ಡ್ರಮ್ಸ್, ಮಧ್ಯೆ ಒಂದು ಉದ್ದ ಆಲಾಪ. ದನಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ. ಆದರೆ ಳ ಎಲ್ಲ ಲ ಆಗಿತ್ತು. ಎಲ್ಲೂ ಉಸಿರು ತೆಗೆದುಕೊಳ್ಳದೆ ಹಾಡುತ್ತಿತ್ತು.

ಸರ್, ನಾಡಗೀತೆಯ ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲೇ, ಆಲಾಪ ಇಲ್ಲದೆ, ಸಾಲುಗಳನ್ನು ಮತ್ತೆ ಮತ್ತೆ ಹಾಡದೆ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಅಂತ 2022ರಲ್ಲಿ ಸರ್ಕಾರವೇ ಆದೇಶ ಮಾಡಿತು. ಅದು ಹೈಕೋರ್ಟಿಗೂ ಹೋಗಿ, 2024ರ ಏಪ್ರಿಲ್‌ನಲ್ಲಿ ಆ ಆದೇಶವೇ ನಿಂತಿತು. ಆಮೇಲೆ ಒಂದು ಕಾರ್ಯಕ್ರಮದಲ್ಲಿ ಅಧಿಕಾರಿಯೊಬ್ಬರು ವಾಚ್ ನೋಡುತ್ತಾ ನಮ್ಮ ಎದುರೇ ನಿಂತಿದ್ದರು. ನಮ್ಮ ಗಾಯಕಿ ಕೊನೆಯ ಸಾಲನ್ನು ಸ್ವಲ್ಪ ಎಳೆದಿದ್ದಕ್ಕೆ, "ಜಾಸ್ತಿ ಆಯ್ತು ಮೇಡಂ" ಅಂದರು. ಹೋಗಲಿ, ನಿಯಮ ನಿಯಮವೇ. ಆದರೆ ಆ ವಾಚ್ ಅವತ್ತು ಎಲ್ಲಿ ಹೋಗಿತ್ತು? ಮನುಷ್ಯರಿಗೆ ಎರಡೂವರೆ ನಿಮಿಷ, ಆ್ಯಪಿಗೆ ಎಷ್ಟು ಬೇಕೋ ಅಷ್ಟಾ?

ನಾಡಗೀತೆ ಮುಗಿದ ಮೇಲೆ ಪರದೆ ಮೇಲೆ ಬೇಂದ್ರೆಯವರು ಬಂದರು.

ದ.ರಾ. ಬೇಂದ್ರೆ ತೀರಿಕೊಂಡಿದ್ದು 1981ರ ಅಕ್ಟೋಬರ್‌ನಲ್ಲಿ. ಅವತ್ತು ನಮ್ಮ ಮೈದಾನದಲ್ಲಿ ಅವರು ಕಣ್ಣು ಮಿಟುಕಿಸಿದರು, ನಕ್ಕರು, ಕೈ ಆಡಿಸಿದರು. ಮುಖ ಪ್ಲಾಸ್ಟಿಕ್ ತರ ಮಿರಮಿರ ಮಿಂಚುತ್ತಿತ್ತು. ಆಮೇಲೆ ಮಾತು ಶುರು ಮಾಡಿದರು. ಧಾರವಾಡದ ಸಾಧನಕೇರಿಯ ಬೇಂದ್ರೆ ಅಚ್ಚುಕಟ್ಟಾಗಿ ಬೆಂಗಳೂರಿನ ಎಫ್‌ಎಂ ಕನ್ನಡ ಮಾತಾಡಿದರು. ಕನ್ನಡ ಉಳಿಸಿ, ಬೆಳೆಸಿ ಅಂದರು. ಆಮೇಲೆ ನಿಮ್ಮ ಹೆಸರು ಹೇಳಿ, "ಜನಪ್ರಿಯ ಶಾಸಕರು" ಅಂತ ಹೊಗಳಿ, ಕ್ಷೇತ್ರದ ಅಭಿವೃದ್ಧಿ ನೋಡಿ ಸಂತೋಷವಾಗಿದೆ ಅಂದರು.

ನೀವು ಎದ್ದು ನಿಂತು ಪರದೆಗೆ ಕೈ ಮುಗಿದಿರಿ. ಜನ ಚಪ್ಪಾಳೆ ತಟ್ಟಿದರು. ಹಾರ ಬಂತು.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ, ಮಾತಿನಲ್ಲೇ ಗೊತ್ತಾಗುತ್ತಿತ್ತು ಆ ಕಡೆಯವರು ಅಂತ, "ಅಜ್ಜಾರು ಹಿಂಗ ಮಾತಾಡ್ತಿದ್ದಿಲ್ಲ ಬಿಡ್ರಿ" ಅಂದರು. ಅವರ ಪಕ್ಕದಲ್ಲಿದ್ದ ಶಾಲೆ ಹುಡುಗನಿಗೆ ಇದ್ದದ್ದು ಬೇರೆಯೇ ಪ್ರಶ್ನೆ. ಬೇಂದ್ರೆ ಯಾವಾಗ ನಮ್ಮ ಏರಿಯಾಗೆ ಬಂದಿದ್ದರು ಅಂತ ನನ್ನನ್ನೇ ಕೇಳಿದ. ಏನು ಹೇಳಬೇಕಿತ್ತು ಸರ್, ನೀವೇ ಹೇಳಿ. ನಮ್ಮ ಏರಿಯಾದ ಮುಖ್ಯರಸ್ತೆ ಗುಂಡಿ ನೋಡಿ ಸಂತೋಷಪಟ್ಟ ಮೊದಲ ಜ್ಞಾನಪೀಠ ಕವಿ ಅವರೇ ಇರಬೇಕು.

ನಿಮ್ಮ ಆಫೀಸಿಗೆ ಹೋಗಿ ಕೇಳಿದೆ. "ಅದು ಸಂಘದವರು ಮಾಡಿದ್ದು" ಅಂದರು. ಸಂಘದವರು "ಎಲ್‌ಇಡಿಯವರು ಫ್ರೀ ಆಗಿ ಮಾಡಿಕೊಟ್ಟರು" ಅಂದರು. ಎಲ್‌ಇಡಿ ಹುಡುಗ "ಆ್ಯಪ್ ಸಾರ್, ಹತ್ತು ನಿಮಿಷ ಆಗುತ್ತೆ ಅಷ್ಟೇ" ಅಂದ. ಪಾಲಿಕೆಗೆ ಅರ್ಜಿ ಕೊಡೋಣ ಅಂದರೆ, ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಆಗಿ, ಒಂದಿದ್ದ ಪಾಲಿಕೆ ಐದಾಗಿದೆ. ಅಲ್ಲಿ ಒಬ್ಬರ ಟೇಬಲ್‌ನಿಂದ ಇನ್ನೊಬ್ಬರ ಟೇಬಲ್‌ಗೆ ಕಳಿಸಿದರು. ಅದಕ್ಕೇ ಈ ಪತ್ರ.

ನನಗೆ ಕಾನೂನು ಜಾಸ್ತಿ ಗೊತ್ತಿಲ್ಲ, ನಿಮಗೆ ಗೊತ್ತಿರುತ್ತದೆ. ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಅವರ ಬರಹಕ್ಕೆ ಹಕ್ಕುಸ್ವಾಮ್ಯ ಇರುತ್ತದೆ. ಲೆಕ್ಕ ಹಾಕಿ, ಬೇಂದ್ರೆಯವರದ್ದು 2041ರವರೆಗೆ. ಬರಹಕ್ಕೇ ಇಷ್ಟು ಕಾವಲು ಇದೆ. ಅವರು ಯಾವತ್ತೂ ಆಡದ ಮಾತನ್ನು ಅವರ ಬಾಯಿಂದ ಆಡಿಸುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲವಾ? ಎ.ಆರ್. ರೆಹಮಾನ್ 2024ರಲ್ಲಿ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಎಐನಲ್ಲಿ ತಂದರು. ಅವರ ಮನೆಯವರ ಒಪ್ಪಿಗೆ ತೆಗೆದುಕೊಂಡೆವು, ದುಡ್ಡೂ ಕೊಟ್ಟೆವು ಅಂತ ಬಹಿರಂಗವಾಗಿ ಹೇಳಿದರು. ಅದೇ ಹೊತ್ತಿಗೆ ಎಸ್‌ಪಿಬಿ ಅವರ ದನಿಯನ್ನು ಮನೆಯವರನ್ನು ಕೇಳದೆ ಎಐನಲ್ಲಿ ಬಳಸಿದರು ಅಂತ ಅವರ ಮಗ ಒಂದು ತೆಲುಗು ಸಿನಿಮಾದವರಿಗೆ ನೋಟಿಸ್ ಕಳಿಸಿದರು. ಸಿನಿಮಾದವರಿಗೆ ಇಷ್ಟು ಹೆದರಿಕೆ ಇದೆ. ಸರ್ಕಾರಿ ವೇದಿಕೆಗೆ ಅದೂ ಇಲ್ಲ.

ಎಐ ವಿಡಿಯೊಗಳಿಗೆ ಗುರುತು ಹಾಕಬೇಕು ಅಂತ ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಕರಡು ನಿಯಮ ತಂದಿತು, 2026ರ ಫೆಬ್ರವರಿಯಲ್ಲಿ ಜಾರಿ ಮಾಡಿತು. ಸಂತೋಷ. ಆದರೆ ಅದು ಸೋಷಿಯಲ್ ಮೀಡಿಯಾ ಕಂಪನಿಗಳಿಗೆ ಮಾಡಿದ್ದು. ಪೆಂಡಾಲಿನ ಎಲ್‌ಇಡಿ ಪರದೆಗೆ ಯಾರು ಹೇಳುತ್ತಾರೆ? ನೀವೇ ಹೇಳಬೇಕು. ನಿಮ್ಮ ಅನುದಾನ, ನಿಮ್ಮ ವೇದಿಕೆ. ಬರೆಯಿಸಿ ಸರ್, ಪರದೆ ಮೇಲೆ ಬರೆಯಿಸಿ. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಮಾಡಿದವರಿಗೆ, "ಇದು ಎಐ" ಅಂತ ಒಂದು ಸಾಲು ಬರೆಯಿಸೋದು ಕಷ್ಟವಾ?

ತಂತ್ರಜ್ಞಾನ ಬೇಡ ಅನ್ನುವವನು ನಾನಲ್ಲ. ಹಾಗಂತ ನಿಮ್ಮ ಹುಡುಗರು ಕಾಮೆಂಟ್ ಹಾಕುವ ಮೊದಲೇ ಹೇಳಿಬಿಡುತ್ತೇನೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿಯವರು ಸಂಗೀತ ಹಾಕಿದ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಬಂದಿದ್ದು 1978ರಲ್ಲಿ. ಕ್ಯಾಸೆಟ್ ಕೂಡ ಯಂತ್ರವೇ. ಆದರೆ ಅದರೊಳಗೆ ಹೋಗಲು ಹಾಡುವವರು ಬೇಕಿತ್ತು, ನುಡಿಸುವವರು ಬೇಕಿತ್ತು. ಕ್ಯಾಸೆಟ್ ಕೇಳಿದವರೇ ನಮ್ಮನ್ನು ಸ್ಟೇಜಿಗೆ ಕರೆದರು. ನನ್ನ ಗುರುಗಳ ಮನೆ ನಡೆದಿದ್ದು ಅದರಿಂದ. ಆಮೇಲೆ ರಿದಮ್ ಪ್ಯಾಡ್ ಬಂತು, ಢೋಲಕ್‌ನವರು ಮನೆಗೆ ಹೋದರು. ಕರೋಕೆ ಟ್ರ್ಯಾಕ್ ಬಂತು, ಕೊಳಲಿನವರು, ವಯಲಿನ್‌ನವರು ಹೋದರು. ಯೂಟ್ಯೂಬ್ ಬಂದಾಗ ಜನ ಮನೆಯಲ್ಲೇ ಕೇಳತೊಡಗಿದರು. ಆದರೂ ನವೆಂಬರ್ ಒಂದು ಉಳಿದಿತ್ತು. ಬೆಂಗಳೂರಿನಲ್ಲಿ ರಾಜ್ಯೋತ್ಸವ ಒಂದು ದಿನದ್ದಲ್ಲ, ತಿಂಗಳು ಪೂರ್ತಿ ನಡೆಯುತ್ತದೆ. ಆ ಒಂದು ತಿಂಗಳ ದುಡಿಮೆಯಲ್ಲೇ ಮಗಳ ಕಾಲೇಜು ಫೀಸು ಕಟ್ಟುತ್ತಿದ್ದೆ. ಈಗ ಆ ನವೆಂಬರಿಗೂ ಆ್ಯಪ್ ಬಂದಿದೆ.

ನಮ್ಮ ಕೀಬೋರ್ಡ್ ವಾದಕರು ಈಗ ಕ್ಯಾಬ್ ಓಡಿಸುತ್ತಾರೆ. ರಾತ್ರಿ ಏರ್‌ಪೋರ್ಟ್ ಟ್ರಿಪ್ ಮುಗಿಸಿ ಬಂದು, ಬೆಳಿಗ್ಗೆ ಪ್ರಾಕ್ಟೀಸಿಗೆ ಬಂದರೆ ಬೆರಳು ಏಳುವುದಿಲ್ಲ ಅನ್ನುತ್ತಾರೆ. ಗಾಯಕಿ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತಾರೆ. ಅವರ ಒಬ್ಬ ಶಿಷ್ಯೆಯ ಅಪ್ಪ ಕೇಳಿದರಂತೆ, "ಆ್ಯಪೇ ಹಾಡುತ್ತಲ್ಲಾ, ನನ್ನ ಮಗಳು ಯಾಕೆ ಕಲೀಬೇಕು?" ಅಂತ. ಫೀಸು ಉಳಿಸೋಕೆ ಕೇಳಿದರೋ, ನಿಜವಾಗಿ ಕೇಳಿದರೋ ಗೊತ್ತಾಗಲಿಲ್ಲ ಅಂದರು. ಅದಾದ ಮೇಲೆ ಅವರು ಸರಿಯಾಗಿ ನಿದ್ದೆ ಮಾಡಿಲ್ಲ.

ನಮ್ಮ ಊರಿನವರೇ 2025ರಲ್ಲಿ ಪೂರ್ತಿ ಎಐನಲ್ಲಿ ಒಂದು ಕನ್ನಡ ಸಿನಿಮಾ ಮಾಡಿದರು. ಹತ್ತು ಲಕ್ಷದಲ್ಲಿ ಮುಗಿಸಿದರು ಅಂತ ಪೇಪರಿನಲ್ಲಿ ಬಂತು. ಅದರ ಬಗ್ಗೆ ನನಗೆ ತಕರಾರಿಲ್ಲ. ಅವರ ದುಡ್ಡು, ಅವರ ಧೈರ್ಯ, ಮೇಲಾಗಿ ಅದು ಎಐ ಅಂತ ಹೇಳಿಯೇ ಬಿಡುಗಡೆ ಮಾಡಿದರು. ಅಲ್ಲಿ ಮೋಸ ಇಲ್ಲ. ಅಮೆರಿಕದಲ್ಲಿ ದೊಡ್ಡ ದೊಡ್ಡ ರೆಕಾರ್ಡ್ ಕಂಪನಿಗಳು, ನಮ್ಮನ್ನು ಕೇಳದೆ ನಮ್ಮ ಹಾಡುಗಳನ್ನು ನಿಮ್ಮ ಯಂತ್ರಕ್ಕೆ ಕಲಿಸಿದಿರಿ ಅಂತ, ಎಐ ಹಾಡು ತಯಾರಿಸುವ ಸುನೋ, ಯೂಡಿಯೋ ಕಂಪನಿಗಳ ಮೇಲೆ 2024ರಲ್ಲಿ ಕೇಸ್ ಹಾಕಿದವು. ಆಮೇಲೆ ಅವರಲ್ಲಿ ಕೆಲವರು ರಾಜಿಯಾಗಿ ಒಪ್ಪಂದ ಮಾಡಿಕೊಂಡರು. ದೊಡ್ಡವರು ದೊಡ್ಡವರ ಜೊತೆ ಮಾತಾಡಿಕೊಳ್ಳುತ್ತಾರೆ. ತುಂತುರು ಮಳೆಯಲ್ಲಿ ತಬಲಾ ಶ್ರುತಿ ಮಾಡುವವನ ಜೊತೆ ಯಾರು ಒಪ್ಪಂದ ಮಾಡಿಕೊಳ್ಳುತ್ತಾರೆ? ಕ್ಯಾಸೆಟ್ ಕಾಲದಲ್ಲಿ ನಾನು ನುಡಿಸಿದ ತಾಳಗಳು ಇವತ್ತು ಯೂಟ್ಯೂಬ್‌ನಲ್ಲಿ ಸುಮ್ನೆ ಬಿದ್ದಿವೆ, ನನ್ನ ಹೆಸರೂ ಇಲ್ಲದೆ.

ಕಲಾವಿದರಿಗೆ ನೀವು ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ 2024ರಲ್ಲಿ ಕಾಯ್ದೆ ಬಂತು, ಸಿನಿಮಾ ಟಿಕೆಟ್ ಮೇಲೆ, ಒಟಿಟಿ ಚಂದಾ ಮೇಲೆ ಶೇಕಡಾ 1ರಿಂದ 2ರಷ್ಟು ಸೆಸ್ ಅಂದರು. ವಯಸ್ಸಾದ ಕಲಾವಿದರಿಗೆ ಮಾಸಾಶನವೂ ಇದೆ. ನನಗೆ ಇನ್ನೂ ಆ ವಯಸ್ಸಾಗಿಲ್ಲ. ನನಗೆ ಕಲ್ಯಾಣ ಬೇಡ ಸರ್, ಕೆಲಸ ಬೇಕು. ಕೈ ಇನ್ನೂ ಚೆನ್ನಾಗಿ ಓಡುತ್ತಿದೆ. ಕೆಲಸ ಕಿತ್ತುಕೊಂಡು ಮಾಸಾಶನ ಕೊಡುವುದು, ಊಟದ ಎಲೆ ಎತ್ತಿ ಎಲೆ ಅಡಿಕೆ ಕೊಟ್ಟ ಹಾಗೆ.

ನಿಮ್ಮ ಕಡೆಯವರು ಹೇಳಬಹುದು, ಜನಕ್ಕೆ ಅದೇ ಇಷ್ಟ ಅಂತ. ಇರಬಹುದು. ಅವತ್ತು ಬೇಂದ್ರೆ ವಿಡಿಯೊಗೆ ಬಿದ್ದಷ್ಟು ಚಪ್ಪಾಳೆ ನಮ್ಮ ಎರಡು ಹಾಡಿಗೆ ಬೀಳಲಿಲ್ಲ. ಆದರೆ ಅದು ಯಂತ್ರ ಮಾಡಿದ್ದು ಅಂತ ಗೊತ್ತಿದ್ದು ತಟ್ಟಿದ ಚಪ್ಪಾಳೆಯಾ? ಆ ಹುಡುಗನಿಗಂತೂ ಗೊತ್ತಿರಲಿಲ್ಲ. ಬೇಂದ್ರೆಯವರ ನಿಜವಾದ ದನಿ ಇದೆ, ಆಕಾಶವಾಣಿಯ ಧ್ವನಿಮುದ್ರಿಕೆ ಇದೆ. ಅದನ್ನೇ ಐದು ನಿಮಿಷ ಹಾಕಿದ್ದರೆ ಆ ಅಜ್ಜಿ ಎದ್ದು ನಿಂತು ಕೇಳುತ್ತಿದ್ದರು. ಆದರೆ ಅದರಲ್ಲಿ ನಿಮ್ಮ ಹೆಸರು ಬರುವುದಿಲ್ಲ, ಅಲ್ವಾ.

ಕ್ಷಮಿಸಿ, ಮಾತು ಸ್ವಲ್ಪ ಖಾರ ಆಯಿತು. ಆದರೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮತ್ತೆ ಹೇಳುತ್ತೇನೆ. ಎಐ ಹಾಕಿದರೆ ಎಐ ಅಂತ ಬರೆಯಿಸಿ. ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ಬೇಡ, ನಿಮ್ಮ ಫ್ಲೆಕ್ಸಿನಲ್ಲಿ ನಿಮ್ಮ ಹೆಸರು ಎಷ್ಟು ದೊಡ್ಡದಾಗಿರುತ್ತದೋ ಅಷ್ಟು ದೊಡ್ಡದಾಗಿ. ತೀರಿಹೋದ ಕವಿಗಳ ಮುಖ, ದನಿ ಬಳಸುವ ಮುಂಚೆ ಅವರ ಮನೆಯವರನ್ನು ಕೇಳಿಸಿ. ಸಾಂಸ್ಕೃತಿಕ ಕಾರ್ಯಕ್ರಮದ ಅನುದಾನದಲ್ಲಿ ಎಷ್ಟು ದುಡ್ಡು ಹಾಡಿದವರಿಗೆ, ನುಡಿಸಿದವರಿಗೆ ಹೋಯಿತು, ಎಷ್ಟು ಎಲ್‌ಇಡಿಗೆ ಹೋಯಿತು ಅಂತ ಸಂಘದವರು ಬಿಲ್ ಸಮೇತ ತೋರಿಸಲಿ. ತೋರಿಸದವರಿಗೆ ಮುಂದಿನ ವರ್ಷ ಅನುದಾನ ಕೊಡಬೇಡಿ. ಇದಕ್ಕೆ ಸಮಿತಿ ಬೇಡ, ವಿದೇಶ ಪ್ರವಾಸ ಬೇಡ, ಒಂದು ಪುಟದ ಆದೇಶ ಸಾಕು. ಕನ್ನಡ ಮತ್ತು ಸಂಸ್ಕೃತಿ ಸಚಿವರ ಹತ್ತಿರ ನೀವು ಮಾತಾಡಿದರೆ ಆಗುವ ಕೆಲಸ ಇದು.

ನವೆಂಬರ್ ಮತ್ತೆ ಬರುತ್ತದೆ. ಸಂಘದವರು ಈಗಾಗಲೇ ಚಂದಾ ಪುಸ್ತಕ ಅಚ್ಚು ಹಾಕಿಸಿದ್ದಾರೆ. ಆದೇಶ ಅಕ್ಟೋಬರ್ ಒಳಗೆ ಬರಲಿ, ಆಮೇಲೆ ಬಂದರೆ ಉಪಯೋಗ ಇಲ್ಲ. ಮತ್ತೆ ಆ ಎರಡು ಹಾಡಿನ ಪೇಮೆಂಟ್, ಅದನ್ನೂ ಸ್ವಲ್ಪ ಕೇಳಿ ಕೊಡಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಬಲಾ ವಾದಕ
ಬೆಂಗಳೂರು