ಪುಟ್ಟ ಗೇಮಿಂಗ್ ಕಂಪ್ಯೂಟರ್: ಒಳಗೇನಿದೆ ಅಂತ ಬಿಲ್ಲಿನಲ್ಲೇ ಬರೆದು ಕೊಡಲಿ

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರ ಬಂದರೆ ಸಾಕು, ಪತ್ರಿಕೆ ತುಂಬಾ ಕಂಪ್ಯೂಟರ್ ಜಾಹೀರಾತು. ಈಚೆಗೆ ಅದರಲ್ಲಿ ಪುಟ್ಟ ಗೇಮಿಂಗ್ ಕಂಪ್ಯೂಟರ್‌ಗಳೂ ಬರುತ್ತಿವೆ. ಅಂಥದ್ದೊಂದನ್ನು ನಾನು ಎರಡು ವರ್ಷದ ಹಿಂದೆ ಕೊಂಡಿದ್ದೆ. ಈಗ ಕೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿರುವ ಮನೆಗಳಿಗೆ ನಮ್ಮ ಅನುಭವ ಗೊತ್ತಾಗಲಿ ಅಂತ ಈ ಕಾಗದ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಶ್ರೀನಗರದಲ್ಲಿ ರವಿಕೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಗ ಅನಿಮೇಷನ್ ಓದುತ್ತಿದ್ದಾನೆ. ಆಟವನ್ನೂ ಆಡುತ್ತಾನೆ, ಇಲ್ಲ ಅನ್ನುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಬ್ಲೆಂಡರ್ ಅನ್ನುವ ಅನಿಮೇಷನ್ ಸಾಫ್ಟ್‌ವೇರಿನಲ್ಲಿ ಅವನ ಕಾಲೇಜಿನ ಕೆಲಸ ರೆಂಡರ್ ಆಗುತ್ತಾ, ಅಂದರೆ ಚಿತ್ರವಾಗಿ ಮೂಡುತ್ತಾ ಇರುತ್ತದೆ. ಎರಡಕ್ಕೂ ಚಿತ್ರ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ನಮ್ಮದು ಹತ್ತಡಿ ಕೋಣೆ. ಎರಡು ಹೊಲಿಗೆ ಮಷಿನ್, ಕಟಿಂಗ್ ಟೇಬಲ್, ಬಟ್ಟೆ ಗಂಟು, ಅದರ ಮಧ್ಯೆ ಅವನ ಮೇಜು. ದೊಡ್ಡ ಕಂಪ್ಯೂಟರ್ ಇಡಲು ಜಾಗವೇ ಇರಲಿಲ್ಲ. ಹಾಗಾಗಿ ಚೀಟಿ ಎತ್ತಿದ ದುಡ್ಡಿನಲ್ಲಿ 88 ಸಾವಿರ ಕೊಟ್ಟು, ಐದು ಲೀಟರ್ ಕುಕ್ಕರಿಗಿಂತ ಸ್ವಲ್ಪ ದೊಡ್ಡದಿರುವ ರೆಡಿಮೇಡ್ ಪೆಟ್ಟಿಗೆ ತಂದೆವು.

ಒಳ್ಳೆಯದನ್ನು ಮೊದಲು ಹೇಳಬೇಕು. ಬೆಳಿಗ್ಗೆ ತಂದೆವು, ಮಧ್ಯಾಹ್ನಕ್ಕೆ ಕೆಲಸ ಶುರು. ಸದ್ದು ಕಡಿಮೆ. ನೆಂಟರು ಬಂದರೆ ಒಂದೇ ಕೈಲಿ ಎತ್ತಿ ಬೀರು ಮೇಲೆ ಇಡಬಹುದಿತ್ತು. ಅದರಲ್ಲಿದ್ದದ್ದು ಆರ್‌ಟಿಎಕ್ಸ್ 4060 ಕಾರ್ಡ್. ಅದು ಎಳೆಯುವುದು 115 ವಾಟ್ ಅಷ್ಟೇ. ನಮ್ಮ ಮಿಕ್ಸಿ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಒಂದು ವರ್ಷ ಮಗನ ಮುಖದಲ್ಲಿದ್ದ ಖುಷಿ ನೋಡಿ, ಚೀಟಿ ದುಡ್ಡು ಸಾರ್ಥಕ ಆಯ್ತು ಅಂದುಕೊಂಡಿದ್ದೆ.

ವಾರಂಟಿ ಇದ್ದದ್ದು ಒಂದೇ ವರ್ಷ. ಹದಿನಾಲ್ಕನೇ ತಿಂಗಳು ಒಂದು ಸಂಜೆ ಮಳೆಗೆ ಕರೆಂಟ್ ಹೋಗಿ ಬಂತು. ಆಮೇಲೆ ಪೆಟ್ಟಿಗೆ ಆನ್ ಆಗಲೇ ಇಲ್ಲ. ಮರುದಿನ ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು, ಆಟೋದಲ್ಲಿ ಟೌನ್ ಹಾಲ್ ದಾಟಿ, ಕಂಪ್ಯೂಟರ್ ಅಂಗಡಿಗಳ ಸಾಲಿರುವ ಎಸ್.ಪಿ. ರೋಡಿಗೆ ಹೋದೆ. ಮೊದಲನೇ ಮಹಡಿಯ ಒಂದು ಸಣ್ಣ ಅಂಗಡಿಯ ಹುಡುಗ ಅದನ್ನು ಬಿಚ್ಚಿದ. ಫ್ಯಾನಿನ ಸುತ್ತ ಬೂದು ಬಣ್ಣದ ಧೂಳು ಹತ್ತಿಯ ಹಾಗೆ ಮೆತ್ತಿಕೊಂಡಿತ್ತು. ನನ್ನ ಮಷಿನ್ನಿನ ಬಾಬಿನ್ ಕೇಸ್ ಕೆಳಗೆ ನೂಲಿನ ಧೂಳು ಕಟ್ಟಿಕೊಳ್ಳುತ್ತದಲ್ಲ, ಥೇಟ್ ಹಾಗೆ. ನಾನು ವಾರಕ್ಕೊಮ್ಮೆ ಬ್ರಷ್ ಹಾಕಿ ಅದನ್ನು ತೆಗೆಯುತ್ತೇನೆ. ಈ ಪೆಟ್ಟಿಗೆಗೂ ಹಾಗೆ ಮಾಡಬೇಕು ಅಂತ ಮಾರಿದವರು ಒಂದು ಮಾತು ಹೇಳಿರಲಿಲ್ಲ. ರಸ್ತೆ ಅಗೆದೇ ಇರುವ ಈ ಊರಿನಲ್ಲಿ, ಇಷ್ಟು ಇಕ್ಕಟ್ಟಿನ ಪೆಟ್ಟಿಗೆಗೆ ಧೂಳು ಕೂತರೆ ಬಿಸಿ ಗಾಳಿ ಹೊರಗೆ ಹೋಗುವುದಾದರೂ ಎಲ್ಲಿಂದ?

ಕೆಟ್ಟಿದ್ದು ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪವರ್ ಸಪ್ಲೈ. ಅದು ಮಾಮೂಲಿ ರಿಪೇರಿ, ಹೊಸದು ಹಾಕಿದರೆ ಆಯ್ತು ಅಂದುಕೊಂಡೆ. ಆ ಹುಡುಗ ಆಗಲ್ಲ ಅಂತ ತಲೆ ಆಡಿಸಿದ. "ಅಮ್ಮ, ಇದರ ತಲೆನೇ ಬೇರೆ, ನೋಡಿ" ಅಂತ ವೈರು ಎತ್ತಿ ತೋರಿಸಿದ. ಪಕ್ಕದಲ್ಲಿ ಬೇರೆ ಕಂಪ್ಯೂಟರಿನ ವೈರು ಹಿಡಿದ. ಅದರ ತುದಿಯಲ್ಲಿ ಎರಡು ಸಾಲು, ಸಾಲಿಗೆ ಹನ್ನೆರಡು, ಒಟ್ಟು 24 ಪಿನ್. ಸಾಮಾನ್ಯವಾಗಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗಳಲ್ಲಿ ಇರುವುದು ಇದೇ. ಎಟಿಎಕ್ಸ್ ಅನ್ನುವ ಈ ಅಳತೆಯನ್ನು ಚಿಪ್ ಕಂಪನಿ ಇಂಟೆಲ್ 1995ರಲ್ಲೇ ತಂದಿತಂತೆ, ಆಗ 20 ಪಿನ್ ಇದ್ದದ್ದು ಆಮೇಲೆ 24 ಆಯ್ತಂತೆ. ಚಿಕ್ಕ ಪೆಟ್ಟಿಗೆಗಳಿಗೆ ಅಂತಲೇ ಎಸ್‌ಎಫ್‌ಎಕ್ಸ್ ಅನ್ನುವ ಚಿಕ್ಕ ಪವರ್ ಸಪ್ಲೈ ಕೂಡ ಇದೆ, ಅದೇ ರಸ್ತೆಯಲ್ಲಿ ಸಿಗುತ್ತದೆ. ನಮ್ಮದರಲ್ಲಿ ಪಿನ್ನೂ ಬೇರೆ, ಆಕಾರವೂ ಬೇರೆ, ಅದರ ತಲೆ ಕೂರುವ, ಎಲ್ಲಾ ಭಾಗ ಜೋಡಿಸುವ ಮದರ್‌ಬೋರ್ಡೂ ಬೇರೆ. ಮಾಡಿದ ಕಂಪನಿ ಬಿಟ್ಟರೆ ಎಲ್ಲೂ ಸಿಗುವುದಿಲ್ಲ.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಸ್ಟಾಕ್ ಇಲ್ಲ, ಆರು ವಾರ ಆಗುತ್ತದೆ, 9,800 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅಂದರು. ಮಗ ಪ್ರಾಜೆಕ್ಟ್ ಒಪ್ಪಿಸಲು ಉಳಿದಿದ್ದದ್ದು ಮೂರು ವಾರ.

ನನ್ನ ಹೊಲಿಗೆ ಮಷಿನ್ನಿಗೆ ಇಪ್ಪತ್ತಾರು ವರ್ಷ. ಸೂಜಿ ಮುರಿದರೆ ಮೂಲೆ ಅಂಗಡಿಯಲ್ಲಿ ಸಿಗುತ್ತದೆ. ಬೆಲ್ಟು, ಬಾಬಿನ್ ಕೇಸ್ ಯಾವ ಕಂಪನಿಯದ್ದಾದರೂ ಕೂರುತ್ತದೆ. ಅದಕ್ಕೇ ಅದು ಇನ್ನೂ ನಮಗೆ ಅನ್ನ ಹಾಕುತ್ತಿದೆ. 88 ಸಾವಿರದ ವಸ್ತುವಿನಲ್ಲಿ ಒಂದು ಭಾಗ ಹೋದರೆ ಇಡೀ ಪೆಟ್ಟಿಗೆ ಮೂಲೆಗೆ ಬೀಳುವುದು ನ್ಯಾಯ ಅಲ್ಲ.

ಕೊನೆಗೆ ಆ ಹುಡುಗನೇ ದಾರಿ ತೋರಿಸಿದ. 17 ಸೆಂಟಿಮೀಟರ್ ಚೌಕದ, ಮಿನಿ ಐಟಿಎಕ್ಸ್ ಅನ್ನುವ ಅಳತೆಯ ಮದರ್‌ಬೋರ್ಡು, ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ, ಒಂದು ಚಿಕ್ಕ ಕ್ಯಾಬಿನೆಟ್ಟು. ಹಳೆಯದರ ಪ್ರೊಸೆಸರ್, ಕಾರ್ಡು, ರ್ಯಾಮ್ ಅನ್ನುವ ಮೆಮೊರಿ ಕಡ್ಡಿ, ಫೈಲು ಕೂಡಿಡುವ ಎಸ್‌ಎಸ್‌ಡಿ ಎಲ್ಲಾ ಇದಕ್ಕೆ ಬಂತು. ಖರ್ಚು 24 ಸಾವಿರ. ಚಿಕ್ಕ ಬೋರ್ಡಿಗೆ ದೊಡ್ಡದಕ್ಕಿಂತ ಜಾಸ್ತಿ ರೇಟು ಯಾಕೆ ಅಂತ ನಾನು ಜಗಳ ಆಡಲಿಲ್ಲ. ಮಗುವಿನ ಲಂಗಕ್ಕೆ ಬಟ್ಟೆ ಕಡಿಮೆ, ಕೆಲಸ ಜಾಸ್ತಿ ಅನ್ನುವುದು ನನಗೆ ಗೊತ್ತು. ಆಗಲೇ ಇನ್ನೊಂದು ವಿಷಯ ಕಂಡಿತು. 16 ಜಿಬಿ ರ್ಯಾಮ್ ಅಂತ ಕೊಟ್ಟಿದ್ದರಲ್ಲ, ಅದು ಒಂದೇ ಕಡ್ಡಿ. ಎಂಟೆಂಟರ ಎರಡು ಹಾಕಿದ್ದರೆ ಎರಡು ದಾರಿಯಲ್ಲಿ ಓಡುತ್ತಿತ್ತು, ಎಷ್ಟೋ ಆಟಗಳು ಇನ್ನೂ ಸಲೀಸಾಗಿ ನಡೆಯುತ್ತಿದ್ದವು.

ಹೆಸರು ನೋಡಿಯೂ ಮೋಸ ಹೋಗಬಾರದು. ಕೆಲವು ಪುಟ್ಟ ಪೆಟ್ಟಿಗೆಗಳಲ್ಲಿ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ ಇರುತ್ತದೆ, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆರ್‌ಟಿಎಕ್ಸ್ 4070 ಅನ್ನುವ ಒಂದೇ ಹೆಸರಿನಲ್ಲಿ ಡೆಸ್ಕ್‌ಟಾಪ್ ಕಾರ್ಡಿಗೆ 12 ಜಿಬಿ ಮೆಮೊರಿ, ಲ್ಯಾಪ್‌ಟಾಪಿನದಕ್ಕೆ 8 ಜಿಬಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು 4070 ಅಷ್ಟೇ. ನನ್ನಂಥವರಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು?

ಹಾಗಂತ ಕೊಳ್ಳಲೇಬೇಡಿ ಅನ್ನುವುದಿಲ್ಲ. ಪಿಜಿ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜಿನಲ್ಲಿ ದಿನ ಕಳೆಯುವ ಮಕ್ಕಳಿಗೆ ಚಿಕ್ಕದೇ ಬೇಕು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ರ್ಯಾಮ್ ರೇಟು ಸಿಕ್ಕಾಪಟ್ಟೆ ಏರಿತು. ಬಿಡಿ ಭಾಗ ಕೊಂಡು ಜೋಡಿಸುವುದಕ್ಕಿಂತ ರೆಡಿಮೇಡ್ ಅಗ್ಗಕ್ಕೆ ಸಿಕ್ಕರೂ ಸಿಗಬಹುದು. ಆದರೆ ದುಡ್ಡು ಕೊಡುವ ಮುಂಚೆ ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿ ತೋರಿಸಲು ಹೇಳಿ. ಆ 24 ಪಿನ್ನಿನ ತಲೆ ಇದೆಯಾ ನೋಡಿ. ಕಾರ್ಡ್ ಬಿಡಿಸಿ ತೆಗೆಯಲು ಬರುತ್ತದಾ ಕೇಳಿ. ತೋರಿಸುವುದಿಲ್ಲ ಅಂದರೆ ಸುಮ್ನೆ ಎದ್ದು ಬನ್ನಿ.

ಅಂಗಡಿಯವರಿಗೂ ಕಂಪನಿಗಳಿಗೂ ನನ್ನ ಕೋರಿಕೆ ಒಂದೇ. ಪವರ್ ಸಪ್ಲೈ ಯಾವ ಅಳತೆಯದು, ಬೋರ್ಡು ಯಾವುದು, ರ್ಯಾಮ್ ಎಷ್ಟು ಕಡ್ಡಿ, ಚಿಪ್ ಡೆಸ್ಕ್‌ಟಾಪಿನದಾ ಲ್ಯಾಪ್‌ಟಾಪಿನದಾ, ಇಷ್ಟನ್ನು ಕನ್ನಡದಲ್ಲಿ ಬಿಲ್ಲಿನ ಮೇಲೆ ಬರೆದು ಕೊಡಿ. ಕೊಳ್ಳುವ ವಸ್ತುವಿನ ಗುಣಮಟ್ಟ ತಿಳಿಯುವುದು ನಮ್ಮ ಹಕ್ಕು ಅಂತ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೇ ಇದೆ. 1915 ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಡಲೂಬಹುದು. ರಿಪೇರಿ ಎಷ್ಟು ಸುಲಭ ಅಂತ ವಸ್ತುವಿಗೆ ಅಂಕ ಕೊಡುವ ಬಗ್ಗೆ ಕೇಂದ್ರ ಗ್ರಾಹಕ ಇಲಾಖೆಯ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಮೊದಲು ಮೊಬೈಲ್, ಟ್ಯಾಬ್ಲೆಟ್‌ಗೆ ಅಂತೆ. ಕಂಪ್ಯೂಟರಿಗೂ ಬೇಗ ಬರಲಿ.

ಮಗ ಪ್ರಾಜೆಕ್ಟನ್ನು ಎರಡು ದಿನ ಇರುವಾಗ ಮುಗಿಸಿದ. ಹಳೇ ಪೆಟ್ಟಿಗೆ ಬರಿದಾಗಿ ಕಟಿಂಗ್ ಟೇಬಲ್ ಕೆಳಗೆ ಇದೆ. ಆ ವೈರನ್ನೂ ಅದರೊಳಗೇ ಇಟ್ಟಿದ್ದೇನೆ. ರವಿಕೆ ಅಳತೆ ಕೊಡಲು ಬರುವ ತಾಯಂದಿರು ಮಕ್ಕಳಿಗೆ ಇಂಥದ್ದು ಕೊಡಿಸಬೇಕು ಅಂತ ಮಾತು ತೆಗೆದರೆ, ಟೇಪು ಪಕ್ಕಕ್ಕಿಟ್ಟು ಅದನ್ನು ಹೊರಗೆ ತೆಗೆದು ತೋರಿಸುತ್ತೇನೆ.

ಇಂತಿ,
ಓರ್ವ ಓದುಗಿ
ಶ್ರೀನಗರ, ಬೆಂಗಳೂರು